ಓದುಗರ ಪ್ರಶ್ನೆ: ‘ಗೊತ್ತಿಲ್ಲ’ ಅಂದವರ ಉತ್ತರ ಎಲ್ಲಿಗೆ ಹೋಯ್ತು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಚುನಾವಣಾ ಸಮೀಕ್ಷೆಗಳ ಬಗ್ಗೆಯೇ ಇವೆ. ಕೆಲವರದ್ದು ಸಿಟ್ಟು, ಕೆಲವರದ್ದು ಕುತೂಹಲ. ಬೇರೆ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇದನ್ನೇ ಮಾತಾಡೋಣ.

ನಾನು ನಿವೃತ್ತ ಶಿಕ್ಷಕ. ಲೋಕಸಭೆ ಚುನಾವಣೆಯ ಮತದಾನ ಮುಗಿದ 2024ರ ಜೂನ್ 1ರ ಸಂಜೆ ಸಮೀಕ್ಷೆ ನೋಡಲು ಟಿವಿ ಮುಂದೆ ಕೂತವನು ರಾತ್ರಿಯವರೆಗೂ ಏಳಲಿಲ್ಲ. ಎಲ್ಲ ಚಾನೆಲ್‌ಗಳಲ್ಲೂ ಒಂದೇ ಮಾತು. ಮೂರು ದಿನ ಕಳೆದು ಮತ ಎಣಿಸಿದರೆ ಎಲ್ಲ ಉಲ್ಟಾ. ಇನ್ನು ಮೇಲೆ ಇವನ್ನು ನೋಡುವುದೇ ಬೇಡ ಅಲ್ವಾ?
— ಓದುಗರೊಬ್ಬರು, ಹಾಸನ

ಮೇಷ್ಟ್ರೇ, ಪೂರ್ತಿ ಉಲ್ಟಾ ಆಗಲಿಲ್ಲ. ಯಾರು ಮುಂದೆ ಇರ್ತಾರೆ ಅನ್ನೋದು ಸರಿಯಾಗಿತ್ತು. ಎಷ್ಟು ಮುಂದೆ ಅನ್ನೋದು ಕೆಟ್ಟದಾಗಿ ತಪ್ಪಿತು. ಬಹುತೇಕ ಎಲ್ಲ ಸಮೀಕ್ಷೆಗಳೂ ಬಿಜೆಪಿ ನೇತೃತ್ವದ ಎನ್‌ಡಿಎ ಕೂಟಕ್ಕೆ 350ಕ್ಕಿಂತ ಜಾಸ್ತಿ ಸೀಟು ಕೊಟ್ಟಿದ್ದವು, ಕೆಲವು 400ರ ಗೆರೆಯನ್ನೂ ಮುಟ್ಟಿದ್ದವು. ಬಂದದ್ದು 293. ಬಿಜೆಪಿಗೆ 240 ಮಾತ್ರ, ಅಂದರೆ ಒಂಟಿಯಾಗಿ ಬಹುಮತಕ್ಕೆ ಬೇಕಾದ 272 ಕೂಡ ಸಿಗಲಿಲ್ಲ. ನಮ್ಮ ರಾಜ್ಯದ 28ರಲ್ಲಿ ಹಲವು ಸಮೀಕ್ಷೆಗಳು ಬಿಜೆಪಿ–ಜೆಡಿಎಸ್ ಕೂಟಕ್ಕೆ 20ಕ್ಕಿಂತ ಜಾಸ್ತಿ ಅಂದಿದ್ದವು, ಬಂದದ್ದು 19. ಇದು ಸಣ್ಣ ತಪ್ಪು. ಉತ್ತರ ಪ್ರದೇಶದ್ದು ಸಣ್ಣದಲ್ಲ. ಅಲ್ಲಿ 80ರಲ್ಲಿ 60ಕ್ಕಿಂತ ಜಾಸ್ತಿ ಸಿಗುತ್ತದೆ ಅಂದಿದ್ದರು, ಬಿಜೆಪಿ 33ಕ್ಕೆ ನಿಂತಿತು.

ನನಗೆ ಇದರಲ್ಲಿ ಬೇಸರ ತಂದ ವಿಷಯ ಬೇರೆ. ಹತ್ತು ಜನ ಕಣ್ಣಳತೆಯಲ್ಲಿ ಒಂದು ಮೂಟೆಯ ತೂಕ ಹೇಳಿದರೆ ಕೆಲವರದ್ದು ಜಾಸ್ತಿ ಆಗುತ್ತದೆ, ಕೆಲವರದ್ದು ಕಡಿಮೆ ಆಗುತ್ತದೆ. ಹತ್ತಕ್ಕೆ ಹತ್ತೂ ಜನ ಜಾಸ್ತಿಯೇ ಹೇಳಿದರು ಅಂದರೆ? ಒಂದೋ ಸಮೀಕ್ಷೆಯವರೆಲ್ಲರೂ ಒಂದೇ ಥರದ ಜನರನ್ನು ಮಾತಾಡಿಸದೆ ಬಿಟ್ಟಿದ್ದಾರೆ. ಇಲ್ಲವೇ ಪಕ್ಕದವನ ಸಂಖ್ಯೆ ನೋಡಿ ತಮ್ಮದನ್ನೂ ಅದರ ಹತ್ತಿರಕ್ಕೆ ಎಳೆದುಕೊಂಡಿದ್ದಾರೆ. ಒಬ್ಬನೇ ತಪ್ಪಾಗುವುದಕ್ಕಿಂತ ಎಲ್ಲರ ಜೊತೆ ತಪ್ಪಾಗುವುದು ಕಸುಬಿಗೆ ಕ್ಷೇಮ ಅನ್ನುವ ಭಯ ಅದು. ಎಲ್ಲ ಚಾನೆಲ್‌ಗಳಲ್ಲೂ ಒಂದೇ ಮಾತು ಕೇಳಿದಾಗ ನಮಗೆ ಧೈರ್ಯ ಬರುತ್ತದೆ. ಅನುಮಾನ ಬರಬೇಕಾದದ್ದು ಆಗಲೇ.

ಇದು ಬರೀ ಟಿವಿಯ ಆಟವೂ ಅಲ್ಲ. ಆ ಸಂಖ್ಯೆ ನಂಬಿ ಜೂನ್ 3ರಂದು ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2,500 ಅಂಕದಷ್ಟು ಏರಿತು. ಮರುದಿನ ಸುಮಾರು 4,390 ಅಂಕ ಕುಸಿಯಿತು. ಕೂಡಿಟ್ಟ ದುಡ್ಡನ್ನು ಜೂನ್ 3ರಂದು ಹಾಕಿದ ಸಂಬಳದಾರರೂ ಅದರಲ್ಲಿ ಇದ್ದರು. ನೋಡಲೇಬೇಡಿ ಅಂತ ನಾನು ಹೇಳಲ್ಲ. ನೋಡಿ, ಆದರೆ ಅದನ್ನು ನಂಬಿ ಪರ್ಸಿಗೆ ಕೈ ಹಾಕಬೇಡಿ.

ನನಗೆ 46 ವರ್ಷ. ಇವತ್ತಿನವರೆಗೆ ಒಬ್ಬರೂ ಬಂದು ನನ್ನನ್ನು ಕೇಳಿಲ್ಲ. ನಮ್ಮ ಬೀದಿಯಲ್ಲಿ ಯಾರನ್ನೂ ಕೇಳಿಲ್ಲ. ಹತ್ತು ಸಾವಿರ ಜನರನ್ನು ಕೇಳಿ ಇಡೀ ರಾಜ್ಯದ ಮನಸ್ಸು ಹೇಳ್ತೀವಿ ಅಂದರೆ ನಂಬೋದು ಹೇಗೆ?
— ಓದುಗರೊಬ್ಬರು, ದಾವಣಗೆರೆ

2023ರ ವಿಧಾನಸಭೆ ಚುನಾವಣೆ ಹೊತ್ತಿಗೆ ರಾಜ್ಯದಲ್ಲಿ ಸುಮಾರು 5 ಕೋಟಿ 30 ಲಕ್ಷ ಮತದಾರರಿದ್ದರು. ಹತ್ತು ಸಾವಿರ ಜನರ ಸಮೀಕ್ಷೆ ಅಂದರೆ 5,300 ಜನರಲ್ಲಿ ಒಬ್ಬರು. ನಿಮ್ಮ ಸರದಿ ಬರದೇ ಇರುವುದು ಸಹಜ.

ಆದರೆ ಸಂಖ್ಯೆ ಸಣ್ಣದು ಅನ್ನೋದು ದೊಡ್ಡ ದೋಷ ಅಲ್ಲ. ಅನ್ನ ಬೆಂದಿದೆಯಾ ಅಂತ ನೋಡಲು ನಾವು ಒಂದಗುಳು ಹಿಸುಕುತ್ತೇವೆ, ಪಾತ್ರೆ ಪೂರ್ತಿ ಹಿಸುಕಲ್ಲ. ಸರಿಯಾಗಿ ಆರಿಸಿದ ಸಾವಿರ ಜನರಿಂದ ಬಂದ ಉತ್ತರದಲ್ಲಿ ಆಚೆಗೋ ಈಚೆಗೋ ಮೂರು ಶೇಕಡಾದಷ್ಟು ತಪ್ಪು ಇರಬಹುದು. ಮತದಾರರು ಒಂದು ಕೋಟಿ ಇದ್ದರೂ ಅಷ್ಟೇ, ನೂರು ಕೋಟಿ ಇದ್ದರೂ ಅಷ್ಟೇ. ತಪ್ಪನ್ನು ಅರ್ಧ ಮಾಡಬೇಕಾದರೆ ನಾಲ್ಕು ಸಾವಿರ ಜನರನ್ನು ಕೇಳಬೇಕು. ಇನ್ನೊಂದು ಮಾತನ್ನು ಟಿವಿಯವರು ಹೇಳುವುದೇ ಇಲ್ಲ. ಮೂರು ಶೇಕಡಾ ಅನ್ನೋದು ಒಂದು ಪಕ್ಷದ ಪಾಲಿನ ತಪ್ಪು. ಎರಡು ಪಕ್ಷಗಳ ನಡುವಿನ ಅಂತರದಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ‘ನಾಲ್ಕು ಶೇಕಡಾ ಮುಂದೆ’ ಅಂತ ಕೆಂಪು ಅಕ್ಷರದಲ್ಲಿ ಬಂದರೆ ಅದು ಮುಂದೆ ಅಂತ ಹೇಳಲಿಕ್ಕೇ ಆಗದ ಅಂತರ ಇರಬಹುದು.

ನಿಜವಾದ ತೊಂದರೆ ಬೇರೆ ಕಡೆ ಇದೆ. ಮದುವೆ ಮನೆಯ ದೊಡ್ಡ ಹಂಡೆಯಲ್ಲಿ ತಳದ ಅನ್ನ ಸೀದಿರುತ್ತದೆ, ಮೇಲಿನದು ಇನ್ನೂ ಅಕ್ಕಿಯಾಗಿರುತ್ತದೆ. ಅಲ್ಲಿ ಎಲ್ಲಿಂದ ಅಗುಳು ತೆಗೆದಿರಿ ಅನ್ನೋದೇ ಮುಖ್ಯ. ಅಮೆರಿಕದಲ್ಲಿ 1936ರ ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೆ ವೋಟು ಅಂತ ಕೇಳಿ ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಒಂದು ಕೋಟಿ ಜನರಿಗೆ ಕಾರ್ಡ್ ಕಳಿಸಿತ್ತು. 20 ಲಕ್ಷಕ್ಕೂ ಜಾಸ್ತಿ ಕಾರ್ಡ್ ವಾಪಸ್ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ, ರೂಸ್‌ವೆಲ್ಟ್ ಸೋಲುತ್ತಾರೆ ಅಂತ ಬರೆದರು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಟೆಲಿಫೋನ್ ಪಟ್ಟಿಯಿಂದ, ಕಾರು ಇಟ್ಟುಕೊಂಡವರ ಪಟ್ಟಿಯಿಂದ ತೆಗೆದಿದ್ದರು. ಆ ಬಡತನದ ಕಾಲದಲ್ಲಿ ಫೋನು, ಕಾರು ಯಾರ ಮನೆಯಲ್ಲಿ ಇದ್ದವು ಹೇಳಿ. ಜೊತೆಗೆ ಕಾರ್ಡ್ ತುಂಬಿ ಅಂಚೆಗೆ ಹಾಕುವಷ್ಟು ಆಸಕ್ತಿ ಇದ್ದವರು ಮಾತ್ರ ಉತ್ತರ ಕೊಟ್ಟರು. ಅದೇ ಚುನಾವಣೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಸರಿಯಾಗಿ ಹೇಳಿದರು.

ನಮ್ಮ ಊರಿನ ಲೆಕ್ಕಕ್ಕೆ ಬನ್ನಿ. ಮಧ್ಯಾಹ್ನ 12ಕ್ಕೆ ಮನೆಮನೆಗೆ ಹೋದರೆ ಸಿಗುವವರು ಯಾರು? ಗಾರ್ಮೆಂಟ್ಸ್‌ಗೆ ಹೋದ ಹೆಣ್ಣುಮಕ್ಕಳು ಸಿಗಲ್ಲ. ಹೊಲದಲ್ಲಿ ಇರುವವರು ಸಿಗಲ್ಲ. ಬೆಂಗಳೂರಿಗೆ ಕೂಲಿಗೆ ಹೋಗಿ ವೋಟಿನ ದಿನ ಮಾತ್ರ ಬಸ್ ಹತ್ತಿ ಬರುವವರಂತೂ ಸಿಗುವುದೇ ಇಲ್ಲ. ಹತ್ತು ಸಾವಿರವನ್ನು ಐವತ್ತು ಸಾವಿರ ಮಾಡಿದರೂ ಆ ತಪ್ಪು ಹಾಗೇ ಉಳಿಯುತ್ತದೆ.

2018ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ವೋಟು ಜಾಸ್ತಿ, ಸೀಟು ಕಡಿಮೆ. ಹಾಗಾದರೆ ಸಮೀಕ್ಷೆಯವರು ವೋಟಿನಿಂದ ಸೀಟು ಲೆಕ್ಕ ಹಾಕುವುದು ಹೇಗೆ?
— ಪದವಿ ವಿದ್ಯಾರ್ಥಿನಿ, ಮೈಸೂರು

ಒಳ್ಳೆಯ ಪ್ರಶ್ನೆ ಮಗಳೇ. ಸಮೀಕ್ಷೆಯವರ ಕೈಗೆ ಸಿಗುವುದು ವೋಟಿನ ಪಾಲು ಮಾತ್ರ. ಸೀಟು ಅನ್ನೋದು ಅದರ ಮೇಲೆ ಕಟ್ಟಿದ ಎರಡನೇ ಅಂದಾಜು. 20,000 ಜನರನ್ನು ಕೇಳಿದರೂ 224 ಕ್ಷೇತ್ರಕ್ಕೆ ಹಂಚಿದರೆ ಒಂದೊಂದಕ್ಕೆ ತೊಂಬತ್ತು ಜನವೂ ಬರಲ್ಲ. ಅಷ್ಟು ಜನರಿಂದ ಒಂದು ಕ್ಷೇತ್ರದ ಫಲಿತಾಂಶ ಹೇಳಲು ಹೋದರೆ ತಪ್ಪು ಆಚೀಚೆ ಹತ್ತು ಶೇಕಡಾ ಆಗುತ್ತದೆ. ಹಾಗಾಗಿ ಅವರು ಹಿಂದಿನ ಚುನಾವಣೆಯ ಅಂಕಿ ತೆಗೆದುಕೊಂಡು, ಈ ಸಲ ಯಾರಿಗೆ ಎಷ್ಟು ವೋಟು ಜರುಗಿದೆ ಅಂತ ಅಂದಾಜು ಮಾಡಿ, ಅದನ್ನು ಎಲ್ಲ ಕ್ಷೇತ್ರಗಳ ಮೇಲೂ ಹಾಸುತ್ತಾರೆ. ನಮ್ಮ ದೇಶಕ್ಕೆ ಹೊಂದುವ ಹಾಗೆ ಇದನ್ನು ತಿದ್ದಿದವರು 1980ರ ದಶಕದಲ್ಲಿ ಪ್ರಣಯ್ ರಾಯ್, ಅಶೋಕ್ ಲಾಹಿರಿ, ಡೇವಿಡ್ ಬಟ್ಲರ್. ಎದುರಾಳಿಗಳು ಎಷ್ಟು ಒಗ್ಗಟ್ಟಾಗಿದ್ದಾರೆ, ಎಷ್ಟು ಒಡೆದಿದ್ದಾರೆ ಅನ್ನೋದನ್ನೂ ಅವರು ಲೆಕ್ಕಕ್ಕೆ ತಂದರು.

ಇದು ಎಷ್ಟು ಜಾರುವ ನೆಲ ಅಂತ ನಮ್ಮ ರಾಜ್ಯವೇ ತೋರಿಸುತ್ತದೆ. 2018ರಲ್ಲಿ ಕಾಂಗ್ರೆಸ್‌ಗೆ ಸುಮಾರು 38 ಶೇಕಡಾ ವೋಟು, ಬಿಜೆಪಿಗೆ ಸುಮಾರು 36. ಆದರೆ ಬಿಜೆಪಿ 104 ಗೆದ್ದಿತು, ಕಾಂಗ್ರೆಸ್ 80ರ ಆಸುಪಾಸಿನಲ್ಲಿ ನಿಂತಿತು. ಈಗ 2023 ನೋಡು. ಬಿಜೆಪಿ ವೋಟು ಆಗಲೂ 36 ಶೇಕಡಾ, ಕದಲಲೇ ಇಲ್ಲ. ಸೀಟು ಮಾತ್ರ 104ರಿಂದ 66ಕ್ಕೆ ಬಿತ್ತು. ಕಾಂಗ್ರೆಸ್ ಐದು ಶೇಕಡಾದಷ್ಟು ಮೇಲೆ ಹೋಗಿ 135 ತಗೊಂಡಿತು. ಜೆಡಿಎಸ್ 18ರಿಂದ 13 ಶೇಕಡಾಕ್ಕೆ ಇಳಿದು 37ರಿಂದ 19 ಸೀಟಿಗೆ ಬಂತು. ಬಿಜೆಪಿ ಹಳೇ ಮೈಸೂರು ಕಡೆ ವೋಟು ಹೆಚ್ಚಿಸಿಕೊಂಡಿತು, ಅದು ಸೀಟಾಗಲಿಲ್ಲ. ಬೇರೆ ಕಡೆ ಕಳೆದುಕೊಂಡಿತು, ಅಲ್ಲಿ ಸೀಟೇ ಹೋಯಿತು. ರಾಜ್ಯದ ಒಟ್ಟು ಲೆಕ್ಕ ಮಾತ್ರ ಗೊತ್ತಿರುವವರಿಗೆ ಇದು ಹೇಗೆ ಕಾಣಬೇಕು? ಆ ಸಲ ಒಂದೆರಡು ಸಂಸ್ಥೆಗಳು ಕಾಂಗ್ರೆಸ್‌ಗೆ ಸ್ಪಷ್ಟ ಬಹುಮತ ಅಂತ ಸರಿಯಾಗೇ ಹೇಳಿದವು, ಇನ್ನು ಹಲವು ಅತಂತ್ರ ಅಂದವು. 2024ರ ಅಕ್ಟೋಬರ್‌ನಲ್ಲಿ ಹರಿಯಾಣದ ಸಮೀಕ್ಷೆಗಳು ಕಾಂಗ್ರೆಸ್ ಗೆಲುವು ಅಂದಿದ್ದವು. ವೋಟಿನ ಅಂತರ ಒಂದು ಶೇಕಡಾ ಕೂಡ ಇರಲಿಲ್ಲ, ಬಿಜೆಪಿ 48, ಕಾಂಗ್ರೆಸ್ 37.

ಅದಕ್ಕೇ ನನ್ನ ಸಲಹೆ ಏನಂದರೆ, ಸಮೀಕ್ಷೆ ಬಂದಾಗ ಮೊದಲು ವೋಟಿನ ಪಾಲು ಎಷ್ಟು ಅಂತ ಹುಡುಕು. ಅದನ್ನು ಕೊಡದೆ ಸೀಟು ಮಾತ್ರ ಹೇಳುವವರ ಲೆಕ್ಕವನ್ನು ಪರೀಕ್ಷಿಸಲು ಯಾರಿಗೂ ಆಗಲ್ಲ.

ಹೋದ ತಿಂಗಳು ಒಬ್ಬ ಹುಡುಗಿ ಟ್ಯಾಬ್ ಹಿಡಿದು ಮನೆಗೆ ಬಂದಿದ್ದಳು. ‘ಒಂದು ದೇಶ ಒಂದು ಚುನಾವಣೆ’ ಬೇಕಾ ಬೇಡವಾ ಅಂದಳು. ನನಗೆ ಅದರ ವಿವರ ಗೊತ್ತಿಲ್ಲ ಅಂದೆ. ‘ಏನಾದ್ರೂ ಒಂದು ಹೇಳಿ ಅಕ್ಕಾ’ ಅಂತ ಒತ್ತಾಯ ಮಾಡಿದಳು. ಸರಿ, ಬೇಕು ಅಂದುಬಿಟ್ಟೆ. ಆಮೇಲೆ ಮನಸ್ಸಿಗೆ ಕಸಿವಿಸಿ. ಗೊತ್ತಿಲ್ಲದ ನನ್ನಂಥವರ ಉತ್ತರಕ್ಕೆ ಬೆಲೆ ಇದೆಯಾ?
— ಗೃಹಿಣಿ, ಶಿರಸಿ

ನಿಮ್ಮ ಮೊದಲ ಉತ್ತರಕ್ಕೆ ತುಂಬಾ ಬೆಲೆ ಇತ್ತು. ಅವಳು ಅದನ್ನು ಅಳಿಸಿ ಎರಡನೆಯದನ್ನು ಬರೆದುಕೊಂಡಳು. ಆ ಹುಡುಗಿಯನ್ನು ಬೈಯಬೇಡಿ ಅಕ್ಕಾ. ಅವಳ ಜಾಗದಲ್ಲಿ ನಾನೂ ನಿಂತಿದ್ದೆ.

ಕಾಲೇಜು ಓದುವಾಗ ರಜೆಯಲ್ಲಿ ಒಂದು ಸಮೀಕ್ಷಾ ಸಂಸ್ಥೆಗೆ ಫಾರಂ ತುಂಬುವ ಕೆಲಸ ಮಾಡಿದ್ದೆ. ಒಂದು ಫಾರಂಗೆ ಇಷ್ಟು ಅಂತ ಕೂಲಿ. ತುಮಕೂರು ಕಡೆಯ ಒಂದು ಹಳ್ಳಿ. ಜಗಲಿ ಮೇಲೆ ಒಬ್ಬ ಅಜ್ಜಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾ ಕೂತಿದ್ದರು. ಮತದಾರರ ಪಟ್ಟಿಯಲ್ಲಿ ನಾನು ಕೇಳಬೇಕಾಗಿದ್ದ ಹೆಸರು ಅವರದ್ದೇ. ನಾನು ಪ್ರಶ್ನೆ ಓದಿದರೆ ಒಳಗಿನಿಂದ ಮಗ ಉತ್ತರ ಕೂಗುತ್ತಿದ್ದ. ಅಜ್ಜಿಯೂ ‘ಅವನನ್ನೇ ಕೇಳಪ್ಪ, ನಂಗೇನು ಗೊತ್ತು’ ಅಂದರು. ‘ಇಲ್ಲ ಅಜ್ಜಿ, ನೀವೇ ಹೇಳಬೇಕು’ ಅಂದೆ. ಹಣದುಬ್ಬರದ ನಿಯಂತ್ರಣದಲ್ಲಿ ಕೇಂದ್ರ ಸರ್ಕಾರದ ಸಾಧನೆ ಹೇಗಿದೆ ಅನ್ನೋ ಪ್ರಶ್ನೆ ಬಂತು. ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಕೆಟ್ಟದಾಗಿದೆ. ನಾಲ್ಕು ಚೌಕ.

‘ಹಣದುಬ್ಬರ ಅಂದ್ರೆ ಏನಪ್ಪಾ?’ ಅಂದರು. ಸಾಮಾನಿನ ಬೆಲೆ ಏರೋದು ಅಂದೆ. ಕುಟ್ಟುವ ಕೈ ನಿಂತಿತು. ತೊಗರಿಬೇಳೆ ಹೋದ ಯುಗಾದಿಗೆ ಎಷ್ಟಿತ್ತು, ಈಗ ಎಷ್ಟು. ಸೀಮೆಎಣ್ಣೆ ಸೊಸೈಟಿಯಲ್ಲಿ ಎಷ್ಟು, ಹೊರಗೆ ಎಷ್ಟು. ತಾವು ಕುಟ್ಟಿದ ಹುಣಸೆಹಣ್ಣಿಗೆ ದಲ್ಲಾಳಿ ಎಷ್ಟು ಕೊಡ್ತಾನೆ, ಅದೇ ಹಣ್ಣು ಅಂಗಡಿಯಲ್ಲಿ ಎಷ್ಟಕ್ಕೆ ಹೋಗುತ್ತೆ. ಎಲ್ಲ ರೂಪಾಯಿ ಪೈಸೆ ಸಮೇತ ಹೇಳಿದರು. ನನ್ನ ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಇದರಲ್ಲಿ ದೆಹಲಿಯವರ ತಪ್ಪು ಎಷ್ಟು, ಬೆಂಗಳೂರಿನವರದ್ದು ಎಷ್ಟು, ದಲ್ಲಾಳಿಯದ್ದು ಎಷ್ಟು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ‘ಗೊತ್ತಿಲ್ಲ’ ಅಂತ ಬರೆದೆ.

ಸಂಜೆ ಮೇಲ್ವಿಚಾರಕರು ಫಾರಂ ತಿರುವಿ ನೋಡಿ, ‘ಗೊತ್ತಿಲ್ಲ ಜಾಸ್ತಿ ಇದ್ರೆ ಪಾಸ್ ಆಗಲ್ಲ, ದುಡ್ಡೂ ಬರಲ್ಲ’ ಅಂದರು. ಆ ರಾತ್ರಿ ಲಾಡ್ಜ್‌ನಲ್ಲಿ ಕೂತು ಹನ್ನೊಂದು ಫಾರಂಗಳಲ್ಲಿ ‘ಗೊತ್ತಿಲ್ಲ’ವನ್ನು ‘ಪರವಾಗಿಲ್ಲ’ ಮಾಡಿದೆ. ಅಜ್ಜಿಯದ್ದೂ ಅದರಲ್ಲಿ ಒಂದು. ಎಲ್ಲೋ ಒಂದು ಪತ್ರಿಕೆಯಲ್ಲಿ ‘ಇಷ್ಟು ಶೇಕಡಾ ಜನರಿಗೆ ಸರ್ಕಾರದ ಸಾಧನೆ ಪರವಾಗಿಲ್ಲ’ ಅಂತ ಅಚ್ಚಾಗಿರುತ್ತದೆ. ನಾನು ಮಾಡಿದ್ದು ತಪ್ಪು, ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಆ ಅಜ್ಜಿಗೆ ತಿಳಿವಳಿಕೆ ಕಡಿಮೆ ಇರಲಿಲ್ಲ. ಪ್ರಶ್ನೆ ಕೇಳಿದವರು ಅವರಿಗೆ ಗೊತ್ತಿರುವುದನ್ನು ಕೇಳಲಿಲ್ಲ, ಅಷ್ಟೇ. ಆದರೆ ನಿಮ್ಮ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ, ಅದನ್ನೂ ಹೇಳಲೇಬೇಕು. ಗೊತ್ತಿಲ್ಲದಿದ್ದರೂ ಅಭಿಪ್ರಾಯ ಹೇಳುವುದು ಎಲ್ಲ ದೇಶದ ಜನರ ಗುಣ. ಅಮೆರಿಕದ ಸಿನ್ಸಿನಾಟಿಯಲ್ಲಿ 1970ರ ದಶಕದ ಕೊನೆಗೆ ಕೆಲವು ಸಂಶೋಧಕರು ‘1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆ’ಯನ್ನು ರದ್ದು ಮಾಡಬೇಕೇ ಅಂತ ಜನರನ್ನು ಕೇಳಿದರು. ಸುಮಾರು ಮೂರರಲ್ಲಿ ಒಂದು ಪಾಲು ಜನ ಹೌದು ಅಂತಲೋ ಬೇಡ ಅಂತಲೋ ಉತ್ತರ ಕೊಟ್ಟರು. ಅಂಥ ಕಾಯ್ದೆಯೇ ಇರಲಿಲ್ಲ! ‘ಈ ವಿಷಯದಲ್ಲಿ ನಿಮಗೆ ಅಭಿಪ್ರಾಯ ಇದೆಯಾ’ ಅಂತ ಮೊದಲು ಕೇಳಿದಾಗ ಹಾಗೆ ಉತ್ತರ ಕೊಡುವವರು ತುಂಬಾ ಕಡಿಮೆಯಾದರು. ಅದಕ್ಕೂ ಮುಂಚೆ ಫಿಲಿಪ್ ಕಾನ್ವರ್ಸ್ ಅನ್ನುವ ವಿದ್ವಾಂಸ ಅದೇ ಜನರಿಗೆ ಅದೇ ಪ್ರಶ್ನೆಗಳನ್ನು ಎರಡೆರಡು ವರ್ಷ ಬಿಟ್ಟು ಕೇಳಿದ್ದನ್ನು ಹೋಲಿಸಿ ನೋಡಿದ್ದರು. ಎಷ್ಟೋ ಜನರ ಉತ್ತರ ನಾಣ್ಯ ಚಿಮ್ಮಿದ ಹಾಗೆ ಬದಲಾಗಿತ್ತು. ದಡ್ಡರು ಅಂತ ಕಾಣಬಾರದು ಅನ್ನೋ ಸಂಕೋಚ, ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನೋ ದಾಕ್ಷಿಣ್ಯ. ನೀವೂ ಅದಕ್ಕೇ ‘ಬೇಕು’ ಅಂದಿರಿ ಅಲ್ವಾ?

ನಿಮ್ಮನ್ನು ಕೇಳಿದ ವಿಷಯವನ್ನೇ ತಗೊಳ್ಳಿ. ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೇ ಚುನಾವಣೆ ನಡೆಸುವ ಯೋಚನೆ ಅದು. ಮಾಜಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಸಮಿತಿ ಅದರ ಬಗ್ಗೆ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು, ಡಿಸೆಂಬರ್‌ನಲ್ಲಿ ಸಂವಿಧಾನದ 129ನೇ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಒಂದು ವಿಧಾನಸಭೆ ನಡುವೆ ವಿಸರ್ಜನೆಯಾದರೆ, ಮತ್ತೆ ಚುನಾವಣೆ ನಡೆದು ಬರುವ ಹೊಸ ಸಭೆಗೆ ಪೂರ್ತಿ ಐದು ವರ್ಷ ಸಿಗಲ್ಲ, ಉಳಿದ ಅವಧಿ ಮಾತ್ರ ಅಂತ ಅದರಲ್ಲಿ ಇದೆ. ಇದನ್ನು ಹೇಳಿ ಕೇಳಿದರೆ ನಿಮ್ಮ ಉತ್ತರ ಬೇರೆ ಆಗಬಹುದು, ಅದೇ ಇರಲೂಬಹುದು. ‘ಪದೇಪದೇ ಚುನಾವಣೆಯ ಖರ್ಚು ಉಳಿಸಲು’ ಅಂತ ಮುಂದೆ ಸೇರಿಸಿ ಕೇಳಿದರೆ ಮತ್ತೊಂದು ಥರ. ಹೀಗಿರುವಾಗ ಹೆಸರೊಂದನ್ನೇ ಹೇಳಿ ಬೇಕಾ ಬೇಡವಾ ಅಂತ ಕೇಳಿ, ಬಂದದ್ದನ್ನು ‘ಜನರ ತೀರ್ಮಾನ’ ಅಂತ ಪ್ರಕಟಿಸುವುದು ನನಗೆ ಅನ್ಯಾಯ ಅನಿಸುತ್ತದೆ. ಜೇಮ್ಸ್ ಫಿಶ್ಕಿನ್ ಅನ್ನುವವರು ಇದಕ್ಕೆ ಬೇರೆ ದಾರಿ ಮಾಡಿದರು. ಸಮೀಕ್ಷೆಗೆ ಆರಿಸಿದ ಜನರನ್ನೇ ಒಂದು ಕಡೆ ಸೇರಿಸಿ, ಎರಡೂ ಕಡೆಯ ವಾದವನ್ನು ಮುಂದಿಟ್ಟು, ಒಂದೆರಡು ದಿನ ಚರ್ಚೆ ಮಾಡಿಸಿ, ಆಮೇಲೆ ಮತ್ತೆ ಅದೇ ಪ್ರಶ್ನೆ ಕೇಳುವುದು. 1994ರಲ್ಲಿ ಬ್ರಿಟನ್‌ನಲ್ಲಿ ಮೊದಲು ಮಾಡಿದರು. ಎಷ್ಟೋ ವಿಷಯಗಳಲ್ಲಿ ಜನ ಮನಸ್ಸು ಬದಲಾಯಿಸಿದರು. ಕೂತು ಕೇಳಿಸಿಕೊಳ್ಳಲು ಎರಡು ದಿನ ಕೊಟ್ಟರೆ ನಮ್ಮ ಜನರೂ ಚೆನ್ನಾಗೇ ಯೋಚನೆ ಮಾಡುತ್ತಾರೆ. ಆ ಅಜ್ಜಿಯನ್ನು ನೋಡಿದ ನನಗೆ ಅದರಲ್ಲಿ ಅನುಮಾನ ಇಲ್ಲ.

ಇವೆಲ್ಲ ದುಡ್ಡು ಕೊಟ್ಟು ಮಾಡಿಸೋದು ತಾನೆ? ಪೂರ್ತಿ ನಿಷೇಧ ಮಾಡಿದರೆ ಏನು ನಷ್ಟ?
— ಓದುಗರೊಬ್ಬರು, ಕಲಬುರಗಿ

ಎಲ್ಲವೂ ಹಾಗೆ ಅಂತ ಹೇಳಲು ನನ್ನ ಹತ್ತಿರ ಆಧಾರ ಇಲ್ಲ. 2014ರ ಲೋಕಸಭೆ ಚುನಾವಣೆಗೆ ಮುಂಚೆ ಒಂದು ಸುದ್ದಿ ವಾಹಿನಿ ಗುಪ್ತ ಕ್ಯಾಮೆರಾ ಇಟ್ಟು, ದುಡ್ಡು ಕೊಟ್ಟರೆ ಅಂಕಿ ಬದಲಿಸಲು ಕೆಲವು ಸಂಸ್ಥೆಗಳವರು ಒಪ್ಪಿದ್ದರು ಅಂತ ಆರೋಪ ಮಾಡಿತ್ತು. ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ.

ಕಾನೂನು ಈಗಲೂ ಇದೆ. ಜನಪ್ರತಿನಿಧಿ ಕಾಯ್ದೆಯ 126ಎ ಕಲಂ ಪ್ರಕಾರ, ಮತದಾನ ಶುರುವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯವರೆಗೆ ಮತಗಟ್ಟೆ ಸಮೀಕ್ಷೆ, ಅಂದರೆ ವೋಟು ಹಾಕಿ ಬಂದವರನ್ನು ಕೇಳಿ ಮಾಡುವ ಎಕ್ಸಿಟ್ ಪೋಲ್, ಪ್ರಕಟಿಸುವಂತಿಲ್ಲ. ತಪ್ಪಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಚುನಾವಣೆಗೆ ಮುಂಚಿನ ಸಮೀಕ್ಷೆಗಳಿಗೆ ಮತದಾನ ಮುಗಿಯುವ ಹಿಂದಿನ 48 ಗಂಟೆ ತಡೆ ಇದೆ.

ಪೂರ್ತಿ ನಿಷೇಧ ನನಗೆ ಒಪ್ಪಿಗೆ ಇಲ್ಲ. ಪಕ್ಷಗಳು ತಮ್ಮದೇ ಸಮೀಕ್ಷೆ ಮಾಡಿಸುತ್ತಲೇ ಇರುತ್ತವೆ. ನಿಷೇಧ ಮಾಡಿದರೆ ಕತ್ತಲಲ್ಲಿ ಉಳಿಯುವವರು ನಾವು ಮಾತ್ರ. ಮತ್ತೆ, ಚುನಾವಣಾ ಆಯೋಗ ಕೊಡುವ ಅಂಕಿಯಲ್ಲಿ ಯಾರು ಗೆದ್ದರು ಅಂತ ಇರುತ್ತದೆ, ಹೆಂಗಸರು ಯಾರಿಗೆ ಹಾಕಿದರು, ಭೂಮಿ ಇಲ್ಲದವರು ಯಾಕೆ ಕಡೆ ಬದಲಾಯಿಸಿದರು ಅಂತ ಇರಲ್ಲ. ಅದನ್ನು ದೆಹಲಿಯ ಸಂಶೋಧನಾ ಸಂಸ್ಥೆ ಸಿಎಸ್‌ಡಿಎಸ್‌ನ ಲೋಕನೀತಿ ವಿಭಾಗದಂಥವರು ವರ್ಷಗಟ್ಟಲೆ ಮಾಡಿಕೊಂಡು ಬಂದಿರುವ ಸಮೀಕ್ಷೆಗಳಿಂದಲೇ ತಿಳಿಯಬೇಕು. ಗೆಲ್ಲುವವರು ಯಾರು ಅಂತ ಹೇಳುವುದು ಸಮೀಕ್ಷೆಯ ಅತಿ ಸಣ್ಣ ಉಪಯೋಗ.

ನಿಷೇಧದ ಬದಲು ಎಲ್ಲವನ್ನೂ ಬಿಚ್ಚಿಡಿ ಅಂತ ಕಾನೂನು ಮಾಡಲಿ. ದುಡ್ಡು ಕೊಟ್ಟವರು ಯಾರು, ಯಾವ ದಿನ ಕೇಳಿದರು, ಮನೆಗೆ ಹೋಗಿಯೋ ಫೋನಿನಲ್ಲೋ, ಪ್ರಶ್ನೆಯ ಪದಗಳು ಏನಿದ್ದವು. ‘ಗೊತ್ತಿಲ್ಲ’ ಅಂದವರು, ಬಾಗಿಲು ಹಾಕಿಕೊಂಡವರು ಎಷ್ಟು ಜನ ಅನ್ನೋದನ್ನಂತೂ ಬಿಡಲೇಬಾರದು.

ಯೂಟ್ಯೂಬ್ ಚಾನೆಲ್ ಒಂದರ ಪೋಲ್‌ನಲ್ಲಿ ಎರಡು ಲಕ್ಷ ಜನ ಓಟು ಮಾಡಿದ್ದಾರೆ. ಇದು ಟಿವಿಯವರ ಹತ್ತು ಸಾವಿರಕ್ಕಿಂತ ಗಟ್ಟಿ ಅಲ್ವಾ?
— ಓದುಗರೊಬ್ಬರು, ಮಂಡ್ಯ

ಅಲ್ಲ. ಮೇಲೆ ಹೇಳಿದ 1936ರ ಕಾರ್ಡುಗಳ ಕಥೆಯನ್ನು ಇನ್ನೊಮ್ಮೆ ಓದಿ. ಆ ಚಾನೆಲ್ ಇಷ್ಟಪಡುವವರೇ ಬಂದು ಒತ್ತಿದ್ದಾರೆ, ಅವರಲ್ಲಿ ನಮ್ಮ ರಾಜ್ಯದ ಮತದಾರರು ಎಷ್ಟು ಜನ ಅಂತಲೂ ತಿಳಿಯಲ್ಲ.

ಮುಂದಿನ ಚುನಾವಣೆ ನನ್ನ ಮೊದಲ ವೋಟು. ಮತಗಟ್ಟೆಯಿಂದ ಹೊರಗೆ ಬಂದಾಗ ಯಾರಾದರೂ ‘ಯಾರಿಗೆ ಹಾಕಿದ್ರಿ’ ಅಂತ ಕೇಳಿದರೆ ಹೇಳಲೇಬೇಕಾ?
— ವಿದ್ಯಾರ್ಥಿ, ಉಡುಪಿ

ಬೇಕಿಲ್ಲ. ವೋಟು ಗುಟ್ಟು, ಅದನ್ನು ಯಾರಿಗೂ ಹೇಳುವ ಬಾಧ್ಯತೆ ನಿನಗಿಲ್ಲ. ಆಚೆ ಈಚೆ ಪಕ್ಷದ ಹುಡುಗರು ನಿಂತು ಕಿವಿಗೊಟ್ಟಿದ್ದರೆ ಊರಲ್ಲಿ ಬಲ ಇರುವವರ ಹೆಸರನ್ನೇ ಹೇಳಿ ಹೋಗುವವರು ತುಂಬಾ ಜನ ಇದ್ದಾರೆ, ಸಮೀಕ್ಷೆ ತಪ್ಪುವುದಕ್ಕೆ ಅದೂ ಒಂದು ಕಾರಣ. ಅದಕ್ಕೇ ಒಳ್ಳೆಯ ಸಮೀಕ್ಷೆಯವರು ಬಾಯಿಂದ ಹೇಳಿಸಲ್ಲ. ಚಿಹ್ನೆಗಳಿರುವ ಒಂದು ಚೀಟಿ ಕೊಟ್ಟು, ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕಿ ಅನ್ನುತ್ತಾರೆ. ಹಾಗೆ ಕೊಟ್ಟರೆ, ನಿನಗೆ ಮನಸ್ಸಿದ್ದರೆ, ನಿಜ ಬರೆದು ಹಾಕು. ಮನಸ್ಸಿಲ್ಲದಿದ್ದರೆ ಸುಮ್ನೆ ಯಾವುದೋ ಹೆಸರು ಹೇಳಬೇಡ, ‘ಹೇಳಲ್ಲ’ ಅನ್ನು. ಅದಕ್ಕೂ ಅವರ ಫಾರಂನಲ್ಲಿ ಒಂದು ಚೌಕ ಇರಬೇಕು. ಅವರು ಅದನ್ನು ತುಂಬದೆ ಮುಂದಿನವರ ಕಡೆ ತಿರುಗಿದರೆ, ಒಂದು ನಿಮಿಷ ನಿಂತು, ನನ್ನ ಉತ್ತರ ಬರೆದುಕೊಳ್ಳಿ ಅಂತ ಹೇಳಿ ಬಾ.